ಸಕ್ಕರೆ ಡಬ್ಬ ಮುಚ್ಚಿಟ್ರೆ ಗಡ್ಡೆ ಉಪವಾಸ ಬೀಳಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ಒಂದು ಭಾನುವಾರ ನಿಮ್ಮ ಪುರವಣಿಯಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತಲ್ಲ, ಸಕ್ಕರೆಯೇ ಕ್ಯಾನ್ಸರಿನ ಊಟ, ಅದನ್ನ ನಿಲ್ಲಿಸಿದ್ರೆ ಗಡ್ಡೆ ತಾನಾಗೇ ಒಣಗುತ್ತೆ ಅನ್ನೋ ಅರ್ಥದ್ದು, ಒಂದು ಬಟ್ಟಲು ಸಕ್ಕರೆ ಮೇಲೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಬೆಲ್ಲದ ಅಚ್ಚಿಗೆ ಹಸಿರು ಟಿಕ್ ಹಾಕಿದ ಫೋಟೊ ಬೇರೆ. ಅದನ್ನ ನಾನು ಪೇಪರಲ್ಲಿ ನೋಡಿರ್ಲಿಲ್ಲ. ಮಾರನೇ ದಿನ ದೊಡ್ಡಮ್ಮನ ಮನೆಗೆ ಹೋದಾಗ ಫ್ರಿಜ್ ಬಾಗಿಲಿಗೆ ಕತ್ತರಿಸಿ ಅಂಟಿಸಿದ್ರು, ಅಲ್ಲಿ ಓದಿದೆ.

ದೊಡ್ಡಮ್ಮನಿಗೆ 61 ವರ್ಷ, ಎಡಗಡೆ ಸ್ತನದಲ್ಲಿ ಗಡ್ಡೆ, ಆಗ ಮೂರನೇ ಕೀಮೋ ಮುಗಿದಿತ್ತು. ಅವತ್ತಿಂದ ಅನ್ನ ಬಿಟ್ರು, ಬಾಳೆಹಣ್ಣು ಬಿಟ್ರು, ಬೆಳಿಗ್ಗೆ ರವೆ ಗಂಜಿಗೆ ಒಂದು ಚಮಚ ಸಕ್ಕರೆ ಹಾಕ್ಕೊಂಡು ಕುಡೀತಿದ್ದಿದ್ದನ್ನೂ ಬಿಟ್ರು. ಕೀಮೋ ಆದ್ಮೇಲೆ ಬಾಯಿಗೆ ಏನಿಟ್ರೂ ತಗಡು ನೆಕ್ಕಿದಂಗಾಗುತ್ತೆ ಅಂತಿದ್ರು, ಅಂಥದ್ರಲ್ಲಿ ಹೊಟ್ಟೆಗೆ ಹೋಗ್ತಿದ್ದಿದ್ದೇ ಆ ಗಂಜಿ ಒಂದು. ಮೂರು ವಾರಕ್ಕೆ ನಾಕು ಕೆಜಿ ಇಳಿದ್ರು, ನಾಕನೇ ಕೀಮೋಗೆ ಹೋದಾಗ ಡಾಕ್ಟ್ರು ನೋಡಿ ಇಷ್ಟು ವೀಕ್ ಆಗಿದ್ರೆ ಕೊಡಕ್ಕಾಗಲ್ಲ, ಒಂದು ವಾರ ತಿಂದು ಬನ್ನಿ ಅಂತ ವಾಪಸ್ ಕಳಿಸಿದ್ರು. ಆ ಒಂದು ವಾರಕ್ಕೆ ಯಾರ ಹತ್ರ ಹೋಗಿ ಕೇಳೋಣ ಹೇಳಿ.

ನಾನು ಡಾಕ್ಟರ್ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಮೈಸೂರಲ್ಲಿ ಒಂದು ಪೆಥಾಲಜಿ ಲ್ಯಾಬಲ್ಲಿ 14 ವರ್ಷದಿಂದ ಟೆಕ್ನಿಷಿಯನ್, ಗಡ್ಡೆಯ ಚೂರನ್ನ ಮೇಣದಲ್ಲಿ ಕೂರಿಸಿ ತೆಳ್ಳಗೆ ಕೊಯ್ದು ಸ್ಲೈಡ್ ಮಾಡಿ ಬಣ್ಣ ಹಾಕಿ ಡಾಕ್ಟರ್ ಟೇಬಲ್ ಮೇಲೆ ಇಡೋದು ನನ್ನ ಕೆಲಸ. ಅದಕ್ಕೇ ಬರೀತಿದ್ದೀನಿ, ಯಾಕಂದ್ರೆ ನಿಮ್ಮ ಲೇಖನದಲ್ಲಿ ಪೂರ್ತಿ ಸುಳ್ಳು ಇದ್ದಿದ್ರೆ ಯಾರೂ ನಂಬ್ತಿರ್ಲಿಲ್ಲ, ಅದರಲ್ಲಿ ಒಂದು ನಿಜ ಇದೆ, ಆ ನಿಜದ ಬಾಲ ಹಿಡ್ಕೊಂಡು ಎಲ್ಲಿಗೋ ಹೋಗ್ಬಿಟ್ಟಿದ್ದಾರೆ.

ನಿಜ ಏನು ಅಂದ್ರೆ ಗಡ್ಡೆ ಜೀವಕೋಶಗಳು ಸಕ್ಕರೆಯನ್ನ, ಅಂದ್ರೆ ರಕ್ತದಲ್ಲಿರೋ ಗ್ಲೂಕೋಸನ್ನ, ಮಾಮೂಲಿ ಜೀವಕೋಶಕ್ಕಿಂತ ಜಾಸ್ತಿ ಎಳ್ಕೊಳ್ತವೆ, ಎಲ್ಲಾ ಗಡ್ಡೆ ಅಲ್ಲ ಆದ್ರೆ ತುಂಬಾ ಗಡ್ಡೆಗಳು. ಇದನ್ನ 1920ರ ದಶಕದಲ್ಲಿ ಬರ್ಲಿನ್ನಲ್ಲಿ ಆಟೋ ವಾರ್ಬರ್ಗ್ ಅನ್ನೋರು ತೋರಿಸಿದ್ರು, ಇಲಿ ಗಡ್ಡೆಯನ್ನ ತೆಳ್ಳಗೆ ಹೆಚ್ಚಿ ಗಾಜಿನ ಪಾತ್ರೆಯಲ್ಲಿಟ್ಟು ಅದು ಎಷ್ಟು ಆಮ್ಲಜನಕ ತಗೊಳುತ್ತೆ ಎಷ್ಟು ಲ್ಯಾಕ್ಟಿಕ್ ಆಸಿಡ್ ಬಿಡುತ್ತೆ ಅಂತ ಅಳೆದು. ನಾವು ಬಸ್ ಹಿಂದೆ ಓಡಿದಾಗ ಉಸಿರು ಸಾಲದೆ ಕಾಲಿನ ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಸಿಡ್ ಆಗುತ್ತಲ್ಲ ಹಂಗೆ, ಆದ್ರೆ ಗಡ್ಡೆಗೆ ಆಮ್ಲಜನಕ ಬೇಕಾದಷ್ಟಿದ್ರೂ ಅದು ಹಂಗೇ ಮಾಡ್ತಿತ್ತು, ಅದೇ ವಿಚಿತ್ರ. ಲೇಖನದಲ್ಲಿ ಬರ್ದಿರೋ ಹಾಗೆ ಅವರಿಗೆ ನೊಬೆಲ್ ಬಂದಿದ್ದು ಕ್ಯಾನ್ಸರಿಗೆ ಕಾರಣ ಕಂಡುಹಿಡಿದಿದ್ದಕ್ಕೆ ಅಲ್ಲ. 1931ರಲ್ಲಿ ಬಂದಿದ್ದು ಜೀವಕೋಶದ ಉಸಿರಾಟದ ಎಂಜೈಮ್ ಮೇಲಿನ ಕೆಲಸಕ್ಕೆ. ವಾಟ್ಸಾಪಲ್ಲಿ ವರ್ಷಗಟ್ಟಲೆಯಿಂದ ಓಡಾಡ್ತಿರೋ ಸಾಲು ಇದು, ಅದರ ಹಿಂದೇನೇ ರಕ್ತ ಆಸಿಡ್ ಆಗಿದ್ರೆ ಕ್ಯಾನ್ಸರ್, ನಿಂಬೆಹಣ್ಣು ಸೋಡಾಪುಡಿ ಕುಡೀರಿ ಅನ್ನೋದೂ ಬರುತ್ತೆ, ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರೋ ಹಾಗೆ ಶ್ವಾಸಕೋಶ ಮೂತ್ರಪಿಂಡ ಎರಡೂ ನೋಡ್ಕೊಳ್ತವೆ, ನಿಂಬೆಹಣ್ಣಿನ ಮಾತು ಅವು ಕೇಳಲ್ಲ. ಇನ್ನೊಂದು ಏನಂದ್ರೆ ಜೀವಕೋಶದ ಉಸಿರಾಟದ ಜಾಗ, ಮೈಟೋಕಾಂಡ್ರಿಯಾ ಅಂತೀವಲ್ಲ, ಅದು ಕೆಟ್ಟಿರೋದೇ ಕ್ಯಾನ್ಸರಿನ ಮೂಲ ಅಂತ ವಾರ್ಬರ್ಗ್ ಹಟ ಹಿಡಿದಿದ್ರು, ಅದೂ ನಿಲ್ಲಲಿಲ್ಲ, ಹೆಚ್ಚಿನ ಗಡ್ಡೆಗಳಲ್ಲಿ ಮೈಟೋಕಾಂಡ್ರಿಯಾ ಚೆನ್ನಾಗೇ ಕೆಲಸ ಮಾಡ್ತಿರುತ್ತೆ. ಅವರು ಅಳೆದಿದ್ದು ಸರಿ, ಕೊಟ್ಟ ಕಾರಣ ತಪ್ಪು, ದೊಡ್ಡ ದೊಡ್ಡವರಿಗೂ ಹಿಂಗಾಗುತ್ತೆ.

ಹಾಗಾದ್ರೆ ಗಡ್ಡೆ ಯಾಕೆ ಹಂಗೆ ಮಾಡುತ್ತೆ ಅಂತ ನಾನೂ ನಮ್ಮ ಡಾಕ್ಟ್ರನ್ನ ಕೇಳಿದ್ದೆ, ಯಾಕಂದ್ರೆ ಲೆಕ್ಕ ನೋಡಿದ್ರೆ ಅದು ನಷ್ಟದ ವ್ಯಾಪಾರ. ಒಂದು ಗ್ಲೂಕೋಸನ್ನ ಪೂರ್ತಿ ಉರಿಸಿದ್ರೆ ಸುಮಾರು 30 ಎಟಿಪಿ, ಅಂದ್ರೆ ಜೀವಕೋಶ ಖರ್ಚು ಮಾಡೋ ಶಕ್ತಿಯ ಚಿಲ್ಲರೆ, ಸಿಗುತ್ತೆ, ಅರ್ಧಕ್ಕೇ ಬಿಟ್ಟು ಲ್ಯಾಕ್ಟಿಕ್ ಆಸಿಡ್ ಮಾಡಿದ್ರೆ ಸಿಗೋದು ಬರೀ 2. ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ, ಮನೆ ಕಟ್ಟೋನು ಬಂದ ಮರ ಎಲ್ಲಾ ಒಲೆಗೆ ತುರುಕಿದ್ರೆ ತೊಲೆಗೆ ಬಾಗಿಲಿಗೆ ಏನು ಹಾಕ್ತಾನಮ್ಮ ಅಂದ್ರು. ಒಂದು ಎರಡಾಗೋ ಜೀವಕೋಶಕ್ಕೆ ಶಕ್ತಿ ಒಂದೇ ಸಾಲದು, ಹೊಸ ಡಿಎನ್‌ಎ ಬೇಕು, ಹೊಸ ಪೊರೆ ಬೇಕು, ಪ್ರೋಟೀನ್ ಬೇಕು, ಆ ಸಾಮಾನಿಗೆಲ್ಲ ಗ್ಲೂಕೋಸಿನ ಇಂಗಾಲವನ್ನ ನಡುದಾರಿಯಲ್ಲೇ ಎತ್ಕೊಂಡು ಹೋಗುತ್ತೆ.

ಇನ್ನು ಗಡ್ಡೆ ಎಲ್ಲೆಲ್ಲಿದೆ ಅಂತ ನೋಡೋ ಪೆಟ್ ಸ್ಕ್ಯಾನ್ ವಿಷಯ, ಅದನ್ನೂ ನಿಮ್ಮ ಲೇಖನ ಸಾಕ್ಷಿ ಅಂತ ಎಳ್ಕೊಂಡು ಬಂದಿದೆ. ದೊಡ್ಡಮ್ಮನ ಜೊತೆ ಹೋಗಿದ್ದು ನಾನೇ. ಹಿಂದಿನ ರಾತ್ರಿಯಿಂದ ಉಪವಾಸ, ಬೆರಳು ಚುಚ್ಚಿ ಶುಗರ್ ನೋಡಿದ್ರು, ಆಮೇಲೆ ದಪ್ಪ ಸೀಸದ ಡಬ್ಬಿಯಿಂದ ಸಿರಿಂಜ್ ತೆಗೆದು ವಿಕಿರಣ ಅಂಟಿಸಿದ ಸಕ್ಕರೆ ಚುಚ್ಚಿ ಮಂದ ಬೆಳಕಿನ ರೂಮಲ್ಲಿ ಒಂದು ಗಂಟೆ ಕೂರಿಸಿದ್ರು, ಮಾತಾಡ್ಬೇಡಿ, ಏನೂ ಅಗೀಬೇಡಿ ಅಂದ್ರು, ದವಡೆ ಆಡಿಸಿದ್ರೆ ದವಡೆಯ ಮಾಂಸಖಂಡವೂ ಆ ಸಕ್ಕರೆ ಎಳ್ಕೊಂಡು ಫೋಟೊದಲ್ಲಿ ಹೊಳೆಯುತ್ತಂತೆ. ದೊಡ್ಡಮ್ಮ ಒಂದು ಗಂಟೆ ಮಾತಾಡದೆ ಕೂತಿದ್ದು ನಾನು ಹುಟ್ಟಿದಾಗಿಂದ ಅದೇ ಮೊದಲು. ಆ ಸಕ್ಕರೆ ಜೀವಕೋಶದ ಒಳಗೆ ಹೋಗಿ ಒಂದು ಹೆಜ್ಜೆ ಬದಲಾಗುತ್ತೆ, ಮುಂದಕ್ಕೆ ಹೋಗಕ್ಕಾಗದೆ ಅಲ್ಲೇ ಸಿಕ್ಕಾಕ್ಕೊಳುತ್ತೆ, ಅದಕ್ಕೇ ಕ್ಯಾಮೆರಾಗೆ ಕಾಣ್ಸುತ್ತೆ. ಅದಕ್ಕೆ ಅಂಟಿಸಿರೋ ವಿಕಿರಣದ ಫ್ಲೋರಿನ್-18 ಅರ್ಧಕ್ಕೆ ಇಳಿಯಕ್ಕೆ 110 ನಿಮಿಷ ಸಾಕು. ಸರಿ, ಗಡ್ಡೆ ಹೊಳೀತು. ಆದ್ರೆ ಅದೇ ಫೋಟೊದಲ್ಲಿ ಗಡ್ಡೆಗಿಂತ ಜೋರಾಗಿ ಹೊಳೆದಿದ್ದು ಮಿದುಳು. ಸಕ್ಕರೆ ನಿಲ್ಲಿಸಿ ಮಿದುಳನ್ನ ಒಣಗಿಸಿ ಅಂತ ಯಾಕೋ ಯಾರೂ ಲೇಖನ ಬರೆಯಲ್ಲ. ಮತ್ತೆ ಲೋಬ್ಯುಲರ್ ಅಂತ ಒಂದು ಬಗೆ ಸ್ತನ ಕ್ಯಾನ್ಸರ್ ಇದೆ, ಅದು ಪೆಟ್ ಸ್ಕ್ಯಾನಲ್ಲಿ ಎಷ್ಟೋ ಸಲ ಮಂಕಾಗಿ ಕಾಣುತ್ತೆ, ಸಕ್ಕರೆ ಕಮ್ಮಿ ಎಳೆಯುತ್ತೆ, ಅಷ್ಟಕ್ಕೇ ಅದು ಸಾಧು ಪ್ರಾಣಿ ಏನಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಮೈಯಲ್ಲಿ ಐದು ಲೀಟರ್ ರಕ್ತ, ಶುಗರ್ 90 ಇದ್ರೆ ಇಡೀ ರಕ್ತದಲ್ಲಿರೋ ಗ್ಲೂಕೋಸ್ ನಾಕೂವರೆ ಗ್ರಾಂ, ಒಂದು ಟೀ ಚಮಚ. ನೀವು ಏಕಾದಶಿ ಮಾಡಿದ್ರೂ ಹೋಳಿಗೆ ತಿಂದ್ರೂ ಅದನ್ನ ಹೆಚ್ಚುಕಮ್ಮಿ ಅಷ್ಟರಲ್ಲೇ ಇಡಕ್ಕೆ ಲಿವರ್ ಇದೆ, ತಿನ್ನದೆ ಇದ್ರೆ ಮೊದ್ಲು ತನ್ನಲ್ಲಿ ಕೂಡಿಟ್ಟಿದ್ದು ತೆಗೆಯುತ್ತೆ, ಅದು ಮುಗಿದ್ರೆ ಮಾಂಸಖಂಡ ಕರಗಿಸಿ ಅದರಿಂದ ಗ್ಲೂಕೋಸ್ ಮಾಡುತ್ತೆ. ಅಂದ್ರೆ ದೊಡ್ಡಮ್ಮ ಗಂಜಿ ಬಿಟ್ಟಾಗ ಗಡ್ಡೆಗೆ ಹೋಗೋದು ನಿಲ್ಲಲಿಲ್ಲ, ತೊಡೆಯಲ್ಲಿದ್ದ ಮಾಂಸ ಹೋಯ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ ಅದೇ ಕಥೆ. ಬೆಲ್ಲದ ಅಚ್ಚಿಗೆ ಟಿಕ್ ಹಾಕಿದ್ದಂತೂ ನನಗೆ ಅರ್ಥವೇ ಆಗ್ಲಿಲ್ಲ, ಬೆಲ್ಲವೂ ಮುಕ್ಕಾಲುಪಾಲು ಅದೇ ಸುಕ್ರೋಸ್, ಹೊಟ್ಟೆಯಲ್ಲಿ ಅದೂ ಗ್ಲೂಕೋಸೇ ಆಗೋದು, ಬಣ್ಣ ಬೇರೆ ಅಷ್ಟೆ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತಿರೋದು. ಗಡ್ಡೆ ಸಕ್ಕರೆ ಎಳೆಯೋದು ತಟ್ಟೆಯಲ್ಲಿ ಸಕ್ಕರೆ ಇದೆ ಅಂತಲ್ಲ, ಒಳಗೆ ಕೆಲವು ಜೀನ್‌ಗಳು ಜೋರಾಗಿ ಕೆಲಸ ಮಾಡ್ತಿವೆ ಅಂತ. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 20,000 ಪ್ರೋಟೀನ್ ಮಾಡೋ ಜೀನ್ ಇವೆ, ಕಣ್ಣಲ್ಲೂ ಅವೇ, ಕರುಳಲ್ಲೂ ಅವೇ. ಅಟ್ಟದ ಮೇಲೆ ಪಾತ್ರೆ ಇದ್ದಂಗೆ ಅಂದ್ಕೊಳಿ, ಎಲ್ಲರ ಮನೆ ಅಟ್ಟದಲ್ಲೂ ಕೊಳದಪ್ಪಲೆ ಇರುತ್ತೆ, ದಿನಾ ಇಳಿಸಲ್ಲ, ಮದುವೆಗೆ ಮಾತ್ರ ಇಳಿಸ್ತೀವಿ. ಗಡ್ಡೆಯ ಜೀವಕೋಶ ದಿನಾ ಮದುವೆ ಅಡುಗೆ ಮಾಡೋ ಮನೆ. ಸಕ್ಕರೆಗೆ ಬಾಗಿಲು ತೆರೆಯೋ ಗ್ಲುಟ್1, ಅದನ್ನ ಒಳಗೆ ಕಟ್ಟಿಹಾಕೋ ಹೆಕ್ಸೋಕೈನೇಸ್, ಲ್ಯಾಕ್ಟಿಕ್ ಆಸಿಡ್ ಮಾಡೋ ಎಲ್‌ಡಿಎಚ್‌ಎ, ಇವೆಲ್ಲ ಕೆಳಗಿಳಿದು ಒಲೆ ಮೇಲೆ ಕೂತಿರ್ತವೆ. ಇಳಿಸು ಅಂತ ಹೇಳೋ ಯಜಮಾನ್ರು ಬೇರೆ, ಮಿಕ್ ಅನ್ನೋದು ಒಬ್ಬ, ಎಚ್‌ಐಎಫ್-1 ಅನ್ನೋದು ಇನ್ನೊಬ್ಬ. ಆಮ್ಲಜನಕ ಕಮ್ಮಿ ಆದಾಗ ಏಳೋ ಈ ಎಚ್‌ಐಎಫ್ ದಾರಿ ಬಿಡಿಸಿದ್ದಕ್ಕೇ 2019ರಲ್ಲಿ ಮೂರು ಜನಕ್ಕೆ ನೊಬೆಲ್ ಬಂದಿದ್ದು. ಕೆಲವು ಸಲ ಪಾತ್ರೆ ಚೆನ್ನಾಗೇ ಇರುತ್ತೆ ಆದ್ರೆ ಗೋಣಿಚೀಲದಲ್ಲಿ ಕಟ್ಟಿಟ್ಟಿರ್ತಾರೆ, ಬಿಆರ್‌ಸಿಎ1 ಅನ್ನೋ ಡಿಎನ್‌ಎ ರಿಪೇರಿ ಮಾಡೋ ಜೀನಲ್ಲಿ ಒಂದಕ್ಷರವೂ ಕೆಡದೆ ಬರೀ ಮಿಥೈಲ್ ಅನ್ನೋ ಸಣ್ಣ ರಾಸಾಯನಿಕ ತುಣುಕು ಮೆತ್ತಿಕೊಂಡು ಅದು ಮೂಕ ಆಗಿರೋ ಗಡ್ಡೆಗಳೂ ಇವೆ. ಜೀನ್ ಇರೋದು ಬೇರೆ ಜೀನ್ ಕೆಲಸ ಮಾಡೋದು ಬೇರೆ, ನಿಮ್ಮ ಲೇಖನದಲ್ಲಿ ಎರಡನ್ನೂ ಒಂದೇ ಮಾಡಿ ಕೊನೆಗೆ ಜೀನ್ ಅಂದ್ರೆ ಹಣೆಬರಹ ಅಂತ ಮುಗಿಸಿದ್ದಾರೆ.

ಇದನ್ನ ನಾನು ಕಣ್ಣಲ್ಲಿ ದಿನಾ ನೋಡ್ತೀನಿ. ಮೂರ್ನಾಕು ಮೈಕ್ರಾನ್ ದಪ್ಪದ ಚೂರು, ನೀರಿನ ಮೇಲೆ ತೇಲಿಸಿ ಗಾಜಿನ ಮೇಲೆ ಎತ್ತಿಕೋಬೇಕು, ಉಸಿರು ಬಿಟ್ರೆ ಮಡಚಿಹೋಗುತ್ತೆ. ಈಸ್ಟ್ರೋಜನ್ ರಿಸೆಪ್ಟರ್, ಅಂದ್ರೆ ಆ ಹಾರ್ಮೋನನ್ನ ಹಿಡಿಯೋ ಪ್ರೋಟೀನ್, ಅದರ ಜೀನ್ ಕೆಲಸ ಮಾಡ್ತಿದ್ರೆ ಬಣ್ಣ ಹಾಕಿದಾಗ ಜೀವಕೋಶದ ನಡುವಿನ ಬೀಜ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ಇಲ್ಲಾಂದ್ರೆ ಬರೀ ನೀಲಿ. ಜೀವಕೋಶಕ್ಕೆ ಬೆಳೆ ಅಂತ ಹೇಳೋ ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇದ್ರೆ ಬೀಜ ಅಲ್ಲ, ಸುತ್ತಲೂ ಬೇಲಿ ಹಾಕಿದಂಗೆ ಅಂಚು ಕಂದು ಬಣ್ಣ ಆಗುತ್ತೆ, ಜೇನುಗೂಡಿನ ಥರ. ಮಾಮೂಲಿ ಜೀವಕೋಶದಲ್ಲಿ ಎರಡೇ ಪ್ರತಿ ಇರ್ಬೇಕಾದ ಜೀನ್ ಅಲ್ಲಿ ಎಷ್ಟೋ ಪಟ್ಟು ನಕಲಾಗಿರುತ್ತೆ. ಡೆನಿಸ್ ಸ್ಲಾಮನ್ ಅವರ ತಂಡ 1987ರಲ್ಲಿ ಇಂಥ ಗಡ್ಡೆಗಳು ಬೇಗ ಮರುಕಳಿಸ್ತವೆ ಅಂತ ತೋರಿಸಿದ್ದು, 1998ರಲ್ಲಿ ಅಮೆರಿಕದಲ್ಲಿ ಆ ಹರ್-2ನ್ನೇ ತಡೆಯೋ ಟ್ರಾಸ್ಟುಜುಮ್ಯಾಬ್ ಔಷಧಿಗೆ ಅನುಮತಿ ಸಿಕ್ಕಿದ್ದು. ಇವೆರಡರ ಜೊತೆ ಪ್ರೊಜೆಸ್ಟರಾನ್ ಹಾರ್ಮೋನಿನ ರಿಸೆಪ್ಟರನ್ನೂ ನೋಡ್ತೀವಿ, ಮೂರೂ ನೀಲಿ ಬಂದ್ರೆ ಟ್ರಿಪಲ್ ನೆಗೆಟಿವ್. ಪಶ್ಚಿಮದ ದೇಶಗಳಿಗಿಂತ ನಮ್ಮ ದೇಶದಲ್ಲಿ ಅದರ ಪಾಲು ಜಾಸ್ತಿ, ಆ ಸ್ಲೈಡ್ ಟೇಬಲ್ ಮೇಲೆ ಇಡುವಾಗ, ಅದೂ ವಯಸ್ಸು 34 ಅಂತ ಬರ್ದಿದ್ರೆ, ಕೈ ಸ್ವಲ್ಪ ಭಾರ ಆಗುತ್ತೆ.

2000ದಲ್ಲಿ ಸ್ಟ್ಯಾನ್‌ಫರ್ಡ್ ಕಡೆಯ ಒಂದು ತಂಡ, ಚಾರ್ಲ್ಸ್ ಪೆರೂ ಮತ್ತವರ ಜೊತೆಯವರು, 42 ಜನರ 65 ಮಾದರಿ ತಗೊಂಡು 8,102 ಜೀನ್‌ಗಳಲ್ಲಿ ಯಾವುದು ಜೋರಾಗಿದೆ ಯಾವುದು ಮಲಗಿದೆ ಅಂತ ಚಿಪ್ ಮೇಲೆ ಕೆಂಪು ಹಸಿರು ಚುಕ್ಕಿಗಳಲ್ಲಿ ನೋಡಿದ್ರು. ಸ್ತನ ಕ್ಯಾನ್ಸರ್ ಅಂತ ನಾವು ಒಂದೇ ಹೆಸರಲ್ಲಿ ಕರೆಯೋದು ಒಂದು ಕಾಯಿಲೆ ಅಲ್ಲವೇ ಅಲ್ಲ ಅನ್ನೋದು ಅಲ್ಲಿ ಎದ್ದು ಕಾಣ್ತು. ಅವುಗಳ ಊಟದ ಅಭ್ಯಾಸವೂ ಬೇರೆ ಬೇರೆ. ಟ್ರಿಪಲ್ ನೆಗೆಟಿವ್‌ಗಳಲ್ಲಿ ಎಷ್ಟೋ ಗಡ್ಡೆಗೆ ಗ್ಲೂಕೋಸ್ ಜೊತೆ ಗ್ಲುಟಮಿನ್ ಅನ್ನೋ ಅಮೈನೋ ಆಮ್ಲ, ಅಂದ್ರೆ ಪ್ರೋಟೀನಿನ ಇಟ್ಟಿಗೆ, ಅದೂ ಬೇಕು, ಕೊಬ್ಬನ್ನ ತಾವೇ ತಯಾರಿಸ್ಕೊಳ್ಳೋ ಗಡ್ಡೆಗಳಿವೆ, ಇನ್ನು ಈಸ್ಟ್ರೋಜನ್ ರಿಸೆಪ್ಟರ್ ಇಲ್ಲದ ಗಡ್ಡೆಗಳಲ್ಲಿ ಸುಮಾರು ನೂರಕ್ಕೆ 70ರಲ್ಲಿ ಪಿಎಚ್‌ಜಿಡಿಎಚ್ ಅನ್ನೋ ಎಂಜೈಮ್ ಏರಿರುತ್ತೆ ಅಂತ 2011ರಲ್ಲಿ ಕಂಡಿತು, ಅದು ಗ್ಲೂಕೋಸಿನಿಂದ ಸೆರಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಮಾಡೋ ದಾರಿಯ ಮೊದಲ ಬಾಗಿಲು. ಇಷ್ಟೆಲ್ಲ ಬಗೆ ಇರುವಾಗ ಎಲ್ಲಾದಕ್ಕೂ ಒಂದು ಸಕ್ಕರೆ ಬಟ್ಟಲಿಗೆ ಗೀಟು ಹಾಕಿ ಔಷಧಿ ಅಂದ್ರೆ ಹೇಗೆ.

ಸಕ್ಕರೆ ಒಂದೇ ಅಲ್ಲ, ಇಂಥದ್ದು ಮೊದಲೂ ಆಗಿದೆ. 2018ರಲ್ಲಿ ಆಸ್ಪರಜೀನ್ ಅನ್ನೋ ಅಮೈನೋ ಆಮ್ಲ ಕಮ್ಮಿ ಮಾಡಿದ್ರೆ ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಹರಡೋದು ತಗ್ಗುತ್ತೆ ಅಂತ ಒಂದು ಒಳ್ಳೆ ಅಧ್ಯಯನ ಬಂತು, ಮಾರನೇ ದಿನ ಬೇರೆ ಬೇರೆ ದೇಶದ ಪೇಪರ್‌ಗಳಲ್ಲಿ ಆಸ್ಪರಾಗಸ್ ಅನ್ನೋ ತರಕಾರಿಯ ಫೋಟೊ. ಆಸ್ಪರಜೀನ್ ಹಾಲಲ್ಲಿದೆ, ಬೇಳೆಯಲ್ಲಿದೆ, ಆಲೂಗಡ್ಡೆಯಲ್ಲಿದೆ, ಮೀನಲ್ಲಿದೆ, ನಮ್ಮ ಮೈಯೂ ತಾನೇ ಮಾಡ್ಕೊಳುತ್ತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ನಮ್ಮಲ್ಲಿ ಮಾತ್ರ ಇಲ್ಲ ಅಂತ ಸಮಾಧಾನ ಆಯ್ತು ನನಗೆ. ಮೆಟ್‌ಫಾರ್ಮಿನ್ ಕಥೆ ಇನ್ನೂ ದೊಡ್ಡದು. ಶುಗರ್ ಮಾತ್ರೆ ತಾನೇ, ಇನ್ಸುಲಿನ್ ಇಳಿಸುತ್ತೆ, ಲ್ಯಾಬಲ್ಲಿ ಗಡ್ಡೆ ಜೀವಕೋಶಗಳನ್ನ ತಡೆಯುತ್ತೆ, ಹಾಗಾದ್ರೆ ಮನುಷ್ಯರಿಗೂ ಕೆಲಸ ಮಾಡ್ಬೇಕಲ್ವಾ ಅಂತ ಕೆನಡಾದವರ ಮುಂದಾಳತ್ವದಲ್ಲಿ ಶುಗರ್ ಇಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ರು, 2022ರಲ್ಲಿ ಫಲಿತಾಂಶ ಬಂತು, ಕಾಯಿಲೆ ಮರುಕಳಿಸೋದ್ರಲ್ಲಿ ಖಾಲಿ ಮಾತ್ರೆ ತಗೊಂಡವರಿಗೂ ಇವರಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ. ಇಷ್ಟು ವರ್ಷ ಇಷ್ಟು ಜನ ಸೇರಿ ಕಂಡುಕೊಂಡ ಮೇಲೂ ನಮ್ಮಲ್ಲಿ ಒಂದು ಬಟ್ಟಲಿನ ಫೋಟೊ ಸಾಕಾಗುತ್ತೆ.

ಊಟಕ್ಕೂ ಮೈತೂಕಕ್ಕೂ ಏನೂ ಸಂಬಂಧ ಇಲ್ಲ ಅಂತ ನಾನು ಹೇಳ್ತಿಲ್ಲ, ಅದನ್ನೂ ಬರ್ದೇ ಹೋಗ್ತೀನಿ ಇಲ್ಲಾಂದ್ರೆ ನಾಳೆ ಲ್ಯಾಬ್ ಟೆಕ್ನಿಷಿಯನ್ ಮೈಸೂರ್‌ಪಾಕ್ ತಿನ್ನಿ ಅಂದಳು ಅಂತಾಗುತ್ತೆ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾದ್ರೂ ಕೊಬ್ಬಿನಲ್ಲಿರೋ ಅರೋಮಟೇಸ್ ಅನ್ನೋ ಎಂಜೈಮ್ ಈಸ್ಟ್ರೋಜನ್ ಮಾಡ್ತಾನೇ ಇರುತ್ತೆ, ಆ ವಯಸ್ಸಲ್ಲಿ ಮೈಭಾರ ಇದ್ದಷ್ಟೂ ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ, ಇದು ಗಟ್ಟಿ ವಿಷಯ. ಶುಗರ್ ಇರೋರು ಕೀಮೋದಲ್ಲಿ ಶುಗರ್ ಹತೋಟಿಯಲ್ಲಿ ಇಟ್ಕೊಳ್ಳಲೇಬೇಕು, ವಾಂತಿ ತಡೆಯಕ್ಕೆ ಕೊಡೋ ಸ್ಟೀರಾಯ್ಡೇ ಅದನ್ನ ಏರಿಸುತ್ತೆ. ಇನ್ನು ಹಾರ್ಮೋನ್ ಪಾಸಿಟಿವ್ ಹರ್-2 ನೆಗೆಟಿವ್ ಗಡ್ಡೆಗಳಲ್ಲಿ ಸುಮಾರು ನೂರಕ್ಕೆ 40ರಲ್ಲಿ ಪಿಐಕೆ3ಸಿಎ ಅನ್ನೋ ಜೀನ್ ಕೆಟ್ಟಿರುತ್ತೆ, ತಮಾಷೆ ಅಂದ್ರೆ ಇನ್ಸುಲಿನ್ ತನ್ನ ಮಾತನ್ನ ಜೀವಕೋಶದ ಒಳಗೆ ಮುಟ್ಟಿಸೋದೂ ಇದೇ ದಾರಿಯಲ್ಲಿ, ಅದಕ್ಕೇ ಆ ದಾರಿ ತಡೆಯೋ, 2019ರಲ್ಲಿ ಬಂದ ಆಲ್ಪೆಲಿಸಿಬ್ ಮಾತ್ರೆ ಕೊಟ್ರೆ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಶುಗರ್ ಏರುತ್ತೆ. ಶುಗರ್ ಜೊತೆ ಇನ್ಸುಲಿನ್ನೂ ಏರಿ ಮಾತ್ರೆಯ ಕೆಲಸ ಕೆಡಿಸುತ್ತೆ ಅಂತ ಇಲಿಗಳಿಗೆ ಈ ಥರದ ಔಷಧಿ ಜೊತೆ ಕೀಟೋ ಊಟ, ಅಂದ್ರೆ ಪಿಷ್ಟ ಸಕ್ಕರೆ ತುಂಬಾ ಕಮ್ಮಿ ಕೊಬ್ಬು ಜಾಸ್ತಿ ಇರೋದು, ಕೊಟ್ಟು ನೋಡಿದ್ರು, ಗಡ್ಡೆ ಚೆನ್ನಾಗಿ ತಗ್ಗಿತು. ಆದ್ರೆ ಅದೇ ಅಧ್ಯಯನದಲ್ಲಿ ಔಷಧಿ ಇಲ್ಲದೆ ಬರೀ ಕೀಟೋ ಊಟ ಕೊಟ್ಟಾಗ ರಕ್ತ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಕಾಯಿಲೆ ಇನ್ನೂ ಬೇಗ ಬೆಳೀತು. ಇದನ್ನ ಮನೆ ಅಡುಗೆಮನೆಯಲ್ಲಿ ಮಾಡ್ಕೊಳ್ಳೋ ವಿಷಯ ಅಂತ ಯಾವ ಧೈರ್ಯದಲ್ಲಿ ಬರೀತೀರಿ?

2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ಸ್ತನ ಕ್ಯಾನ್ಸರ್ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಇಷ್ಟು ಮನೆಗಳಿಗೆ ಉಪಯೋಗ ಆಗೋದು ಬರೀಬೇಕಂದ್ರೆ ಇದೆ ಸಾರ್. ನಮ್ಮ ಲ್ಯಾಬಿಗೆ ಸುತ್ತಮುತ್ತಲಿನ ಊರುಗಳಿಂದ ಗಡ್ಡೆ ಬರುತ್ತೆ, ಹೋದ ವರ್ಷ ಒಂದು ಸಣ್ಣ ನರ್ಸಿಂಗ್ ಹೋಮಿಂದ ಉಪ್ಪಿನಕಾಯಿ ಬಾಟ್ಲಲ್ಲಿ ಬರೀ ಸಲೈನ್ ಹಾಕಿ ಕಳಿಸಿದ್ರು, ಚೂರು ಕೊಳೆಯದ ಹಾಗೆ ಇಡೋ ಫಾರ್ಮಲಿನ್ ಇಲ್ಲ, ಬಸ್ಸಲ್ಲಿ ಮಗ ತೊಡೆ ಮೇಲೆ ಇಟ್ಕೊಂಡು ತಂದಿದ್ದ, ಮಾರನೇ ದಿನ ಮಧ್ಯಾಹ್ನ. ಮುಚ್ಚಳ ತೆಗೆದಾಗಲೇ ವಾಸನೆಗೆ ಗೊತ್ತಾಯ್ತು. ಬಣ್ಣ ಹಿಡೀಲಿಲ್ಲ. ಹಿಡಿಯದೆ ನೀಲಿ ಇರೋದಕ್ಕೂ ನಿಜವಾಗ್ಲೂ ನೆಗೆಟಿವ್ ಇರೋದಕ್ಕೂ ವ್ಯತ್ಯಾಸ ಹೇಳಕ್ಕಾಗಲ್ಲ, ಆ ಅಮ್ಮನಿಗೆ ದಿನಕ್ಕೊಂದು ಹಾರ್ಮೋನ್ ಮಾತ್ರೆಯಲ್ಲಿ ಸಿಗಬಹುದಾಗಿದ್ದ ರಕ್ಷಣೆ ಒಂದು ಬಾಟ್ಲು ಔಷಧದ ನೀರಿಲ್ಲದೆ ಕೈತಪ್ಪಿ ಹೋಗ್ತಿತ್ತು, ಪುಣ್ಯಕ್ಕೆ ಕಂಕುಳಿನ ಗಂಟಿಂದ ಇನ್ನೊಂದು ಚೂರು ಸಿಕ್ಕಿ ಉಳೀತು. ಗಡ್ಡೆ ತೆಗೆದ ಒಂದು ಗಂಟೆ ಒಳಗೆ ಫಾರ್ಮಲಿನ್‌ಗೆ ಹೋಗ್ಬೇಕು, ರಿಪೋರ್ಟಲ್ಲಿ ಈಆರ್ (ಈಸ್ಟ್ರೋಜನ್ ರಿಸೆಪ್ಟರ್), ಪಿಆರ್ (ಪ್ರೊಜೆಸ್ಟರಾನ್ ರಿಸೆಪ್ಟರ್), ಹರ್-2 ಮೂರೂ ಇರ್ಬೇಕು, ಹರ್-2 ಎರಡು ಪ್ಲಸ್, ಅಂದ್ರೆ ಹೌದೋ ಅಲ್ಲವೋ ಗೊತ್ತಾಗಲ್ಲ, ಅಂತ ಬಂದ್ರೆ ಅಲ್ಲಿಗೇ ಬಿಡದೆ ಜೀನಿನ ಪ್ರತಿ ಎಣಿಸೋ ಫಿಶ್ ಟೆಸ್ಟ್ ಕೇಳ್ಬೇಕು, ಮೇಣದ ಬ್ಲಾಕ್ ನಿಮ್ಮದು, ಬೇರೆ ಆಸ್ಪತ್ರೆಗೆ ಹೋಗೋವಾಗ ಕೇಳಿ ಇಸ್ಕೊಳ್ಬಹುದು. ಇದರಲ್ಲಿ ಒಂದು ಸಾಲೂ ನಿಮ್ಮ ಅರ್ಧ ಪುಟದಲ್ಲಿ ಇರ್ಲಿಲ್ಲ.

ಜೀನ್ ಕೆಲಸದ ಲೆಕ್ಕದಿಂದ ಎಷ್ಟೋ ಜನಕ್ಕೆ ಕೀಮೋನೇ ತಪ್ಪುತ್ತೆ ಅನ್ನೋದೂ ಇರ್ಲಿಲ್ಲ. 21 ಜೀನ್ ನೋಡೋ ಪರೀಕ್ಷೆಯ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನ ಸೇರಿಸಿಕೊಂಡು ಮಾಡಿದ ಟೇಲರ್‌ಎಕ್ಸ್ ಅನ್ನೋ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು, ಕಂಕುಳಿನ ಗಂಟಿಗೆ ಹರಡದ, ಹಾರ್ಮೋನ್ ಪಾಸಿಟಿವ್ ಹರ್-2 ನೆಗೆಟಿವ್ ಗಡ್ಡೆಯಲ್ಲಿ ನಡುವಿನ ಅಂಕ ಬಂದೋರಲ್ಲಿ 50 ದಾಟಿದವರಿಗೆ ಕೀಮೋದಿಂದ ಹೆಚ್ಚುವರಿ ಲಾಭ ಇಲ್ಲ ಅಂತ. ಆ ಪರೀಕ್ಷೆ ದುಬಾರಿ, ಲಕ್ಷಗಟ್ಟಲೆ. ಬೆಂಗಳೂರಿನದೇ ಒಂದು ಕಂಪನಿ ನಮ್ಮಂಥ ಲ್ಯಾಬಿನ ಕಂದು ಬಣ್ಣದ ವಿಧಾನದಲ್ಲೇ 5 ಪ್ರೋಟೀನ್ ನೋಡಿ ಅಂಥದ್ದೇ ಲೆಕ್ಕ ಕೊಡೋ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಅನ್ನೋದು ಮಾಡಿದೆ, ಅದೂ ಎಲ್ಲರ ಗಡ್ಡೆಗೂ ಅಲ್ಲ, ಡಾಕ್ಟ್ರನ್ನ ಕೇಳ್ಬೇಕು. ಮುನ್ನೂರು ಕಿಲೋಮೀಟರ್ ದೂರದ ಯಾವುದೋ ಆಶ್ರಮದ ಕಷಾಯಕ್ಕೆ ಜಾಗ ಕೊಡೋ ಪುರವಣಿ ನೂರೈವತ್ತು ಕಿಲೋಮೀಟರ್ ದೂರದ್ದನ್ನ ಹೋಗಿ ನೋಡ್ಕೊಂಡು ಬರೀಬಹುದಿತ್ತು.

ದೊಡ್ಡಮ್ಮ ಈಗ ಗಂಜಿಗೆ ವಾಪಸ್ ಬಂದಿದ್ದಾರೆ, ಒಪ್ಪಿಸಕ್ಕೆ ನನಗೆ ನಾಕು ದಿನ ಬೇಕಾಯ್ತು, ಪೇಪರಲ್ಲಿ ಬಂದಿದೆ ಕಣೇ ನೀನೇನು ಅದಕ್ಕಿಂತ ದೊಡ್ಡವಳಾ ಅಂದ್ರು. ಆ ಕಟಿಂಗ್ ಇನ್ನೂ ಫ್ರಿಜ್ ಮೇಲೇ ಇದೆ, ನಾನು ಕಿತ್ತರೆ ಜಗಳ. ಅದಕ್ಕೇ ನಿಮ್ಮ ಹತ್ರ ಕೇಳೋದು ಒಂದೇ, ತಿದ್ದುಪಡಿ ಹಾಕಿ, ಹದಿಮೂರನೇ ಪುಟದ ಮೂಲೆಯಲ್ಲಿ ಎರಡು ಸಾಲು ಬೇಡ, ಅದೇ ಪುರವಣಿಯಲ್ಲಿ ಅದೇ ಜಾಗದಲ್ಲಿ ಅದೇ ಸೈಜಲ್ಲಿ ಹಾಕಿ, ಆ ಫ್ರಿಜ್ ಬಾಗಿಲಲ್ಲಿ ಹಳೇದನ್ನ ಪೂರ್ತಿ ಮುಚ್ಚೋ ಅಷ್ಟು ದೊಡ್ಡದಾಗಿ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್, ಮೈಸೂರು